ಇಸ್ಲಾಮಿಕ್ ಹಣಕಾಸು ಮತ್ತು ಹಲಾಲ್ ಉದ್ಯಮ: ಸಂಸ್ಥೆಗಳ ಬಾಳಿಕೆಯ ಪರೀಕ್ಷೆ

ಬಡ್ಡಿಯಿಲ್ಲದೆ ವ್ಯವಹರಿಸುವ ಹಣಕಾಸು ಸಂಸ್ಥೆಗಳೂ ಹಲಾಲ್ ಪ್ರಮಾಣಪತ್ರದ ಬಲದ ಮೇಲೆ ನಡೆಯುವ ಉದ್ಯಮಗಳೂ ಬದಲಾಗುತ್ತಿರುವ ಪರಿಸರದಲ್ಲಿ ತಮ್ಮತನ ಉಳಿಸಿಕೊಂಡು ಬಾಳಬಲ್ಲವೇ ಎಂದು ವ್ಯವಸ್ಥಾ ಚಿಂತನೆಯ ನೆರವಿನಿಂದ ನೋಡುವ ಕ್ರಮವೊಂದಿದೆ. ಒಂದು ವ್ಯವಹಾರ ಶರೀಅತ್ತಿಗೆ ಒಪ್ಪುತ್ತದೆಯೇ ಎಂಬುದು ಧರ್ಮಶಾಸ್ತ್ರದ ಪ್ರಶ್ನೆ. ಅದನ್ನು ನಡೆಸುವ ಸಂಸ್ಥೆ ಹತ್ತು ವರ್ಷ ನಿಂತೀತೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಎರಡನೆಯದಕ್ಕೂ ಸಾಕೆಂದು ನಂಬಿದ ಕಡೆ ಸಾಮಾನ್ಯ ಉಳಿತಾಯಗಾರರು ಮತ್ತೆ ಮತ್ತೆ ಪೆಟ್ಟು ತಿಂದಿದ್ದಾರೆ.

ಇಂಥ ಪರೀಕ್ಷೆಗೆ ಒದಗುವ ಪ್ರಮುಖ ಚೌಕಟ್ಟು ಬ್ರಿಟನ್ನಿನ ನಿರ್ವಹಣಾ ಚಿಂತಕ ಸ್ಟಾಫರ್ಡ್ ಬಿಯರ್ (1926–2002) ರೂಪಿಸಿದ ‘ವಯಬಲ್ ಸಿಸ್ಟಮ್ ಮಾಡೆಲ್’ (ಬಾಳಬಲ್ಲ ವ್ಯವಸ್ಥೆಯ ಮಾದರಿ). ಎದುರಾಗುವ ಪರಿಸ್ಥಿತಿಗಳು ಎಷ್ಟು ಬಗೆಯವೋ ಅವನ್ನು ನಿಭಾಯಿಸುವವನ ದಾರಿಗಳೂ ಅಷ್ಟು ಬಗೆಯವಾಗಿರಬೇಕು ಎಂಬ ವಿಜ್ಞಾನಿ ರಾಸ್ ಆ್ಯಶ್ಬಿಯ ನಿಯಮ (1956) ಇದರ ತಳಹದಿ. ಬಾಳುವ ಸಂಸ್ಥೆಯಲ್ಲಿ ಐದು ಕೆಲಸಗಳು ನಡೆಯುತ್ತಿರಬೇಕೆಂದು ಬಿಯರ್ ವಾದಿಸಿದ: ದುಡಿಯುವ ಘಟಕಗಳು, ಅವುಗಳ ನಡುವೆ ಹೊಂದಾಣಿಕೆ, ಒಟ್ಟು ನಿರ್ವಹಣೆ, ಹೊರಗಿನ ಜಗತ್ತನ್ನೂ ನಾಳೆಯನ್ನೂ ಗಮನಿಸುವ ವಿಭಾಗ, ಸಂಸ್ಥೆ ಯಾರಿಗಾಗಿ ಇದೆ ಎಂಬುದನ್ನು ಕಾಯುವ ನೀತಿಪೀಠ. ಘಟಕಗಳು ಮೇಲಕ್ಕೆ ಕಳಿಸುವ ವರದಿಯನ್ನು ನೆಚ್ಚಿ ಕೂರದೆ ನೇರವಾಗಿ ಸ್ಥಳಕ್ಕೇ ಹೋಗಿ ನೋಡುವ ತಪಾಸಣೆಯೂ ನಿರ್ವಹಣೆಗೆ ಬೇಕು. ಪ್ರತಿಯೊಂದು ಘಟಕದ ಒಳಗೂ ಇದೇ ರಚನೆ ಮರುಕಳಿಸುತ್ತದೆ. ಬಿಯರ್ 1972ರ ‘ಬ್ರೈನ್ ಆಫ್ ದಿ ಫರ್ಮ್’ನಲ್ಲಿ ಇದನ್ನು ವಿವರಿಸಿದ, 1985ರ ‘ಡಯಾಗ್ನೋಸಿಂಗ್ ದಿ ಸಿಸ್ಟಮ್ ಫಾರ್ ಆರ್ಗನೈಸೇಶನ್ಸ್’ನಲ್ಲಿ ಯಾರು ಬೇಕಾದರೂ ಬಳಸಬಹುದಾದ ಕೈಪಿಡಿಯಾಗಿಸಿದ. ಚಿಲಿಯಲ್ಲಿ ಅಯೆಂದೆ ಸರ್ಕಾರಕ್ಕಾಗಿ ಇದೇ ಮಾದರಿಯನ್ನು ಬಳಸಿ ಅವನು 1971ರಲ್ಲಿ ಆರಂಭಿಸಿದ ಪ್ರಯೋಗ 1973ರ ಸೇನಾ ದಂಗೆಯೊಂದಿಗೆ ನಿಂತುಹೋಯಿತು.

ಆಧುನಿಕ ಇಸ್ಲಾಮಿಕ್ ಹಣಕಾಸಿನ ಮೊದಲ ಹೆಜ್ಜೆಗಳು ಇದಕ್ಕಿಂತ ಹಿಂದಿನವು. ಜರ್ಮನಿಯಲ್ಲಿ ಓದಿ ಅಲ್ಲಿನ ಉಳಿತಾಯ ಬ್ಯಾಂಕುಗಳನ್ನು ಕಂಡಿದ್ದ ಅಹ್ಮದ್ ಅಲ್-ನಜ್ಜಾರ್ 1963ರಲ್ಲಿ ಈಜಿಪ್ಟಿನ ನೈಲ್ ಮುಖಜಭೂಮಿಯ ಮಿತ್ ಘಮ್ರ್ ಪಟ್ಟಣದಲ್ಲಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ತೆರೆದ. ರೈತರು, ಕುಶಲಕರ್ಮಿಗಳು ಪುಡಿಗಾಸು ಉಳಿಸಿದರು. ಉಳಿಸಿದವರಿಗೆ ಬಡ್ಡಿಯಿಲ್ಲದ ಸಣ್ಣ ಸಾಲ ಸಿಕ್ಕಿತು. ಯಾರು ನಂಬಿಕಸ್ಥರು, ಯಾವ ಕಸುಬು ನಡೆಯುತ್ತಿದೆ ಎಂಬುದು ಊರಿನವರಿಗೇ ಗೊತ್ತಿದ್ದದ್ದರಿಂದ ಸಾಲದ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆ ಅಲ್ಲಿಯೇ ಇತ್ತು. ಬಿಯರ್‌ನ ಭಾಷೆಯಲ್ಲಿ ಪ್ರತಿ ಶಾಖೆಯೂ ತಾನೇ ಬಾಳಬಲ್ಲ ಘಟಕ. ಮೇಲಿನ ಆಸರೆ ಮಾತ್ರ ದುರ್ಬಲವಾಗಿತ್ತು. ಧಾರ್ಮಿಕ ಚಟುವಟಿಕೆಗಳ ಮೇಲೆ ಸಂಶಯದ ಕಣ್ಣಿಟ್ಟಿದ್ದ ನಾಸರ್ ಆಡಳಿತದಲ್ಲಿ ಬ್ಯಾಂಕು ತನ್ನ ಇಸ್ಲಾಮಿಕ್ ಗುರುತನ್ನು ಬಹಿರಂಗವಾಗಿ ಹೇಳಿಕೊಳ್ಳಲಿಲ್ಲ. 1967ರ ಹೊತ್ತಿಗೆ ಅದು ಸರ್ಕಾರಿ ಬ್ಯಾಂಕಿಂಗ್ ವ್ಯವಸ್ಥೆಯ ಹಿಡಿತಕ್ಕೆ ಹೋಗಿ, ಬಡ್ಡಿಯಿಲ್ಲದ ವ್ಯವಹಾರ ಕೊನೆಗೊಂಡಿತು. ಲೆಕ್ಕಪತ್ರದಲ್ಲಿ ಸೋತು ಮುಚ್ಚಿದ ಬ್ಯಾಂಕಲ್ಲ ಅದು. ರಾಜಕೀಯ ಪರಿಸರದೊಡನೆ ಮಾತಾಡಬಲ್ಲ ಅಂಗವಿಲ್ಲದೆ ಮುಚ್ಚಿದ್ದು.

ಮಿತ್ ಘಮ್ರ್ ಬ್ಯಾಂಕು ತೆರೆದ ವರ್ಷವೇ ಮಲೇಶ್ಯದಲ್ಲಿ ಕೆಲಸ ಆರಂಭಿಸಿದ ಸಂಸ್ಥೆ ಇಂದಿಗೂ ಇದೆ. ಈ ವಿಷಯದ ಬಹುಮುಖ್ಯ ಪಾಠವೂ ಅಲ್ಲಿಯೇ ಇದೆ. ಹಜ್ ಯಾತ್ರೆಗೆಂದು ಹಳ್ಳಿಗರು ಹೊಲ, ದನ ಮಾರುತ್ತಿದ್ದರು. ಬಡ್ಡಿ ಸೋಕೀತೆಂದು ಬ್ಯಾಂಕಿನಲ್ಲಿಡದೆ ಹಣವನ್ನು ಮನೆಯಲ್ಲೇ ಬಚ್ಚಿಡುತ್ತಿದ್ದರು. ಯಾತ್ರೆ ಮುಗಿಸಿ ಬಂದ ಮೇಲೆ ಬಡತನದಲ್ಲಿ ದಿನ ದೂಡುತ್ತಿದ್ದರು. ಅರ್ಥಶಾಸ್ತ್ರಜ್ಞ ಉಂಗ್ಕು ಅಬ್ದುಲ್ ಅಜೀಜ್ 1959ರಲ್ಲಿ ಇದಕ್ಕೊಂದು ಪರಿಹಾರ ಯೋಜನೆ ಮುಂದಿಟ್ಟರು. 1963ರಲ್ಲಿ ಕೆಲಸ ಆರಂಭಿಸಿದ ಯಾತ್ರಿಕರ ಉಳಿತಾಯ ನಿಗಮವನ್ನು 1969ರಲ್ಲಿ ಹಜ್ ವ್ಯವಹಾರಗಳ ಕಚೇರಿಯೊಂದಿಗೆ ಸೇರಿಸಲಾಯಿತು. ಅದೇ ಇಂದಿನ ತಾಬುಂಗ್ ಹಾಜಿ. ಬಡವರ ಉಳಿತಾಯವನ್ನು ತೋಟ, ಷೇರು, ಕಟ್ಟಡಗಳಲ್ಲಿ ಹೂಡಿ ಲಾಭ ಹಂಚುವ, ಜೊತೆಗೆ ಯಾತ್ರೆಯನ್ನೂ ಸುರಕ್ಷಿತವಾಗಿ ನಡೆಸಿಕೊಡುವ ಈ ಸಂಸ್ಥೆ ಇಪ್ಪತ್ತನೆಯ ಶತಮಾನದ ಅತ್ಯಂತ ಮಾನವೀಯ ಆರ್ಥಿಕ ಕಲ್ಪನೆಗಳಲ್ಲೊಂದು.

ತೊಂದರೆ ನಿಧಾನವಾಗಿ ಬೆಳೆಯಿತು. ಎರಡು ಕೆಲಸಗಳಿಗೂ ಹಣ ಬರಬೇಕಾದದ್ದು ಒಂದೇ ಹೂಡಿಕೆಯ ಲಾಭದಿಂದ: ಯಾತ್ರಿಕರ ಖರ್ಚಿನ ಒಂದು ಪಾಲು ಅದರಿಂದಲೇ, ಠೇವಣಿದಾರರಿಗೆ ಹಂಚುವ ಲಾಭವೂ ಅದರಿಂದಲೇ. 2014ರ ವಾರ್ಷಿಕ ಲಾಭಾಂಶ ಶೇ. 6.25. ಠೇವಣಿಗೆ ಸರ್ಕಾರದ ಖಾತರಿ ಇದ್ದುದರಿಂದ ಠೇವಣಿದಾರರು ಹೂಡಿಕೆಯ ಗುಣಮಟ್ಟ ಕೇಳುವ ಪ್ರಮೇಯವೇ ಬರಲಿಲ್ಲ. ಕೇಂದ್ರ ಬ್ಯಾಂಕಿನ ನೇರ ನಿಯಂತ್ರಣವೂ ಸಂಸ್ಥೆಯ ಮೇಲಿರಲಿಲ್ಲ. ಮೀಸಲು ನಿಧಿ ಕರಗಿದೆ ಎಂದು ಕೇಂದ್ರ ಬ್ಯಾಂಕು ಬರೆದಿದ್ದ ಎಚ್ಚರಿಕೆ ಪತ್ರ 2016ರ ಆರಂಭದಲ್ಲಿ ಸೋರಿಕೆಯಾಗಿಯೇ ಜನರಿಗೆ ತಿಳಿದದ್ದು. 2018ರ ಡಿಸೆಂಬರ್‌ನಲ್ಲಿ ಸರ್ಕಾರ ಬಯಲುಮಾಡಿದ ಲೆಕ್ಕದಂತೆ, 2017ರ ಕೊನೆಗೆ ಹೊಣೆಗಾರಿಕೆಗೆ ಹೋಲಿಸಿದರೆ ಆಸ್ತಿ ಸುಮಾರು 410 ಕೋಟಿ ರಿಂಗಿಟ್‌ನಷ್ಟು ಕಡಿಮೆ. ಇಂಥ ಸ್ಥಿತಿಯಲ್ಲಿ ಲಾಭ ಹಂಚಬಾರದೆಂದು ಸಂಸ್ಥೆಯ ಕಾಯಿದೆಯೇ ಹೇಳುತ್ತದೆ. ಆದರೂ ಹಂಚಿಕೆ ನಡೆದಿತ್ತು. ಸರಿಯಾಗಿ ಫಲ ಕೊಡದ ಆಸ್ತಿಗಳನ್ನು ಹಣಕಾಸು ಸಚಿವಾಲಯದ ವಿಶೇಷ ಕಂಪನಿಗೆ ವರ್ಗಾಯಿಸಿ ಸಂಸ್ಥೆಯನ್ನು ಉಳಿಸಲಾಯಿತು. 2018ರ ಲಾಭಾಂಶ ಶೇ. 1.25ಕ್ಕೆ ಇಳಿಯಿತು. ಮುಂದೆ ರಾಯಲ್ ಆಯೋಗವೊಂದು 2014ರಿಂದ 2020ರವರೆಗಿನ ಆಡಳಿತವನ್ನು ವಿಚಾರಣೆಗೆ ಒಳಪಡಿಸಿತು. ಇಲ್ಲಿ ದುಡಿಯುವ ಘಟಕಗಳಿದ್ದವು, ಅಚಲವಾದ ಗುರುತೂ ಇತ್ತು. ಇವೆರಡರ ನಡುವೆ ಅಹಿತಕರ ಸತ್ಯವನ್ನು ಮೇಲಕ್ಕೆ ಮುಟ್ಟಿಸಬೇಕಾದ ದಾರಿ ಮುಚ್ಚಿಹೋಗಿತ್ತು.

ತಾಬುಂಗ್ ಹಾಜಿಗೆ ಸಿಕ್ಕ ಸರ್ಕಾರಿ ಆಸರೆ ಎಲ್ಲರಿಗೂ ಇರಲಿಲ್ಲ. ಟರ್ಕಿಯ ಬಡ್ಡಿಯಿಲ್ಲದ ಹಣಕಾಸು ಸಂಸ್ಥೆ ಇಹ್ಲಾಸ್ ಫಿನಾನ್ಸ್ ಕುಸಿದದ್ದು 2001ರ ಫೆಬ್ರುವರಿಯಲ್ಲಿ, ಆ ದೇಶದ ದೊಡ್ಡ ಆರ್ಥಿಕ ಬಿಕ್ಕಟ್ಟಿನ ನಡುವೆ. ತನ್ನದೇ ಬಳಗದ ಕಂಪನಿಗಳಿಗೆ ಹಣ ಹರಿಸಿದ್ದ ಅದಕ್ಕೆ, ಠೇವಣಿದಾರರು ಒಮ್ಮೆಗೇ ಹಣ ವಾಪಸು ಕೇಳಿದಾಗ ಮೊರೆಹೋಗಲು ಆಸರೆ ಇರಲಿಲ್ಲ. ಠೇವಣಿ ವಿಮೆ ಬಡ್ಡಿ ಬ್ಯಾಂಕುಗಳಿಗಷ್ಟೇ ಇತ್ತು.

ವ್ಯವಹಾರ ಶರೀಅತ್ತಿಗೆ ಒಪ್ಪುತ್ತದೆಯೇ ಎಂದು ತೀರ್ಮಾನಿಸುವ ಶರೀಅತ್ ಮಂಡಳಿಗಳ ಸ್ಥಾನವೂ ಈ ಪರೀಕ್ಷೆಯಲ್ಲಿ ಬಯಲಾಗುತ್ತದೆ. ಸುಕೂಕ್ ಎಂಬ ಹೂಡಿಕೆ ಪತ್ರಗಳಲ್ಲಿ ಬಹುಪಾಲು ಶರೀಅತ್ತಿನ ಆಶಯಕ್ಕೆ ಹೊಂದುವುದಿಲ್ಲವೆಂದು ವಿದ್ವಾಂಸ ತಕೀ ಉಸ್ಮಾನಿ 2007ರಲ್ಲಿ ಹೇಳುವ ಹೊತ್ತಿಗೆ ಆ ಮಾರುಕಟ್ಟೆ ದೈತ್ಯಾಕಾರ ತಳೆದಿತ್ತು. ಬಹ್ರೇನಿನ ಮಾನದಂಡ ಸಂಸ್ಥೆ ಎಎಒಐಎಫ್‌ಐ ಈ ಕುರಿತು ಸ್ಪಷ್ಟನೆ ಹೊರಡಿಸಿದ್ದು 2008ರ ಫೆಬ್ರುವರಿಯಲ್ಲಿ. ನೀತಿಪೀಠದ ಮಾತು ಕಟ್ಟಡ ಎದ್ದ ಮೇಲೆ ಕೇಳಿಬಂತು.

ಹಲಾಲ್ ಆಹಾರೋದ್ಯಮದಲ್ಲಿ ಇಂಡೊನೇಶ್ಯದ ಪ್ರಕರಣ ಹೆಚ್ಚು ಬೋಧಪ್ರದ. ಅಲ್ಲಿನ ಉಲಮಾ ಮಂಡಳಿ 1989ರಲ್ಲಿ ಪರೀಕ್ಷಾ ಸಂಸ್ಥೆ ಸ್ಥಾಪಿಸಿ, ಮುಂದೆ ಪ್ರಮಾಣಪತ್ರ ಕೊಡತೊಡಗಿತು. ರುಚಿವರ್ಧಕ ಪುಡಿ ಮಾಡುವ ಅಜಿನೊಮೊಟೊ ಕಂಪನಿಯ ಸ್ಥಳೀಯ ಕಾರ್ಖಾನೆ, ಆ ಪುಡಿಯ ತಯಾರಿಕೆಗೆ ಬಳಸುವ ಸೂಕ್ಷ್ಮಜೀವಿಗಳನ್ನು ಬೆಳೆಸುವ ಮಾಧ್ಯಮದ ಒಂದು ಅಂಶವನ್ನು ಬದಲಿಸಿತು. ಹೊಸ ಪದಾರ್ಥದ ತಯಾರಿಕೆಯಲ್ಲಿ ಹಂದಿಯ ಕಿಣ್ವ ಬಳಕೆಯಾಗಿತ್ತು. 2000ದ ಕೊನೆಯಲ್ಲಿ ಮಂಡಳಿ ಉತ್ಪನ್ನವನ್ನು ಹರಾಮ್ (ನಿಷಿದ್ಧ) ಎಂದಿತು. ಅಂತಿಮ ಪುಡಿಯಲ್ಲಿ ಹಂದಿಯ ಅಂಶವಿಲ್ಲವೆಂದು ಸ್ವತಃ ಧರ್ಮವಿದ್ವಾಂಸರಾಗಿದ್ದ ದೇಶದ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅದನ್ನು ಹಲಾಲ್ ಎಂದರು. ಕಾರ್ಖಾನೆ ಪ್ರತಿದಿನ ಬದಲಾಗುತ್ತದೆ, ಪ್ರಮಾಣಪತ್ರ ಮಾತ್ರ ವರ್ಷಗಟ್ಟಲೆ ಹಾಗೆಯೇ ಇರುತ್ತದೆ ಎಂಬ ದೋಷ ಎಲ್ಲರಿಗೂ ಕಂಡಿತು. ಅನಂತರ ಕಂಪನಿಗಳ ಒಳಗೇ ಹಲಾಲ್ ತಪಾಸಕರನ್ನು ಇರಿಸುವ ಖಾತರಿ ವ್ಯವಸ್ಥೆ ಬೆಳೆಯಿತು. 2014ರ ಕಾಯಿದೆ ಪ್ರಮಾಣೀಕರಣವನ್ನು ಸರ್ಕಾರದ ಹೊಣೆಯಾಗಿಸಿತು. ಬಿಕ್ಕಟ್ಟಿನಿಂದ ಕಲಿತು ವ್ಯವಸ್ಥೆ ತನ್ನ ರಚನೆಯನ್ನೇ ತಿದ್ದಿಕೊಂಡ ನಿದರ್ಶನವಾಗಿ ಇದನ್ನು ಗೌರವಿಸಬೇಕು.

ಈ ಚೌಕಟ್ಟಿಗೂ ಮಿತಿಯಿದೆ. ಸಂವಹನದ ದಾರಿ ಎಲ್ಲಿ ಮುಚ್ಚಿದೆ ಎಂದು ಅದು ತೋರಿಸುತ್ತದೆ. ಅಧಿಕಾರದಲ್ಲಿದ್ದವರು ಬೇಕೆಂದೇ ಅದನ್ನು ಮುಚ್ಚಿದರೆ ಕೋರ್ಟು, ಪತ್ರಿಕೆ, ಕಾಯಿದೆಗಳೇ ಬೇಕು. ಬೆಂಗಳೂರು ಇದನ್ನು 2019ರ ಜೂನ್‌ನಲ್ಲಿ ಕಂಡಿತು. ಬಡ್ಡಿಯಿಲ್ಲದ ಬ್ಯಾಂಕಿಂಗ್ ಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿದ್ದರೂ, ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತ್ತು. ಆ ಖಾಲಿ ಜಾಗದಲ್ಲಿ ಐಎಂಎ ಸಮೂಹ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಸಾವಿರಾರು ಕುಟುಂಬಗಳ ಹಣ ಸಂಗ್ರಹಿಸಿತ್ತು. ಹೂಡಿಕೆದಾರರನ್ನು ಕಾಗದದ ಮೇಲೆ ಪಾಲುದಾರರೆಂದು ತೋರಿಸಿದ್ದರೂ ಲೆಕ್ಕ ಕೇಳುವ ದಾರಿ ಅವರಿಗಿರಲಿಲ್ಲ. ಆ ಜೂನ್‌ನಲ್ಲಿ ಸಮೂಹ ಕುಸಿದಾಗ, ಮಗಳ ಮದುವೆಗೆ, ಹಜ್‌ಗೆ, ಮುಪ್ಪಿಗೆ ಕೂಡಿಟ್ಟದ್ದನ್ನು ಕಳೆದುಕೊಂಡವರು ಕಚೇರಿಯ ಮುಂದೆ ಸಾಲುಗಟ್ಟಿ ದೂರು ಕೊಟ್ಟರು. ತನಿಖೆ ಸಿಬಿಐಗೆ ಹೋಯಿತು; ಠೇವಣಿದಾರರ ಹಿತರಕ್ಷಣೆಗಾಗಿ ಕರ್ನಾಟಕ 2004ರಲ್ಲಿ ಮಾಡಿದ್ದ ಕಾಯಿದೆಯ ಅಡಿಯಲ್ಲಿ ಸಮೂಹದ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು.