ಡೆಬಿಯನ್ ವ್ಯವಸ್ಥೆಯಲ್ಲಿ ಸಂರಚನಾ ಕಡತಗಳ ಉಳಿವು ಮತ್ತು ವಿಸರ್ಜನೆ

ಗಣಕಯಂತ್ರದಿಂದ ಒಂದು ತಂತ್ರಾಂಶವನ್ನು ತೆಗೆದುಹಾಕಿದ ಬಳಿಕವೂ ಅದರ ವರ್ತನೆಯನ್ನು ಗೊತ್ತುಪಡಿಸುತ್ತಿದ್ದ ಸಂರಚನಾ ಕಡತಗಳು ಯಂತ್ರದಲ್ಲಿಯೇ ಉಳಿಯುವುದುಂಟು. ಇವುಗಳನ್ನು ಬರಿಯ ಕಸವೆಂದೆಣಿಸಿ ಒಮ್ಮೆಗೇ ಗುಡಿಸಿಹಾಕುವವರು ಅನೇಕರು. ಆದರೆ ಡೆಬಿಯನ್ ವ್ಯವಸ್ಥೆಯ ಮಟ್ಟಿಗೆ ಈ ಉಳಿಕೆಯು ಅಜಾಗರೂಕತೆಯ ಫಲವಲ್ಲ. ಬುದ್ಧಿಪೂರ್ವಕವಾಗಿ ಅಂಗೀಕರಿಸಿದ ಒಂದು ನಿಯಮದ ಫಲ. ಆ ನಿಯಮದ ಸ್ವರೂಪವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇಯಾನ್ ಮರ್ಡಾಕ್ ಅವರು 1993ರ ಆಗಸ್ಟ್‌ನಲ್ಲಿ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ತಂತ್ರಾಂಶಗಳನ್ನು ಪ್ಯಾಕೇಜುಗಳ ರೂಪದಲ್ಲಿ ಸ್ಥಾಪಿಸುವ ಡಿಪಿಕೆಜಿ ಎಂಬ ಸಾಧನದ ಮುಖ್ಯ ಭಾಗವನ್ನು ಇಯಾನ್ ಜಾಕ್ಸನ್ ಅವರು 1994ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ರಚಿಸಿದರು. ಯಂತ್ರದ ನಿರ್ವಾಹಕನು ಸಂರಚನಾ ಕಡತದಲ್ಲಿ ತನ್ನ ಕೈಯಿಂದ ಮಾಡಿದ ತಿದ್ದುಪಡಿಯು ಅವನ ಸ್ವತ್ತು. ಅದನ್ನು ಪ್ಯಾಕೇಜು ಅವನ ಅನುಮತಿಯಿಲ್ಲದೆ ಅಳಿಸಕೂಡದು ಎಂಬುದು ಡೆಬಿಯನ್ ನೀತಿಸಂಹಿತೆಯ ಆಶಯ. ಆದುದರಿಂದಲೇ ಅಲ್ಲಿ ‘ರಿಮೂವ್’ ಮತ್ತು ‘ಪರ್ಜ್’ ಎಂದು ಎರಡು ಬೇರೆ ಕ್ರಿಯೆಗಳಿವೆ. ಮೊದಲನೆಯದು ತಂತ್ರಾಂಶವನ್ನು ಮಾತ್ರ ತೆಗೆಯುತ್ತದೆ. ಎರಡನೆಯದು ಸಂರಚನೆಯನ್ನೂ ನಿರ್ಮೂಲಗೊಳಿಸುತ್ತದೆ. ಇವೆರಡರ ನಡುವೆ ನಿಂತ ಪ್ಯಾಕೇಜುಗಳು ಡಿಪಿಕೆಜಿಯ ಪಟ್ಟಿಯಲ್ಲಿ ‘ಆರ್‌ಸಿ’ ಎಂಬ ಎರಡಕ್ಷರದ ಗುರುತು ಹೊತ್ತಿರುತ್ತವೆ. ರೆಡ್ ಹ್ಯಾಟ್ ಸಂಪ್ರದಾಯದ ಆರ್‌ಪಿಎಮ್ ಸಾಧನವು ಬೇರೆ ದಾರಿ ಹಿಡಿಯಿತು: ತಿದ್ದದ ಕಡತವನ್ನು ಪ್ಯಾಕೇಜಿನೊಡನೆಯೇ ಅಳಿಸಿ, ತಿದ್ದಿದ್ದನ್ನು ಮಾತ್ರ ‘ಆರ್‌ಪಿಎಮ್‌ಸೇವ್’ ಎಂಬ ಬಾಲ ಹಚ್ಚಿ ಉಳಿಸುತ್ತದೆ. ಇದು ಹೆಚ್ಚು ಚೊಕ್ಕಟವೆಂಬುದನ್ನು ಒಪ್ಪೋಣ. ಆದರೂ ತೆಗೆದ ತಂತ್ರಾಂಶವನ್ನು ಮರಳಿ ಸ್ಥಾಪಿಸಿದಾಗ ಹಿಂದಿನ ಸಂರಚನೆಯು ಇದ್ದಂತೆಯೇ ದೊರೆಯುವ ಸೌಕರ್ಯ ಡೆಬಿಯನ್ ಮಾರ್ಗದಲ್ಲಿಯೇ ಇದೆ.

ಈ ನಿಯಮಕ್ಕೆ ತೆರಬೇಕಾದ ಬೆಲೆಯೂ ಉಂಟು. ನಿಯತಕಾಲದಲ್ಲಿ ಕೆಲಸ ನಡೆಸುವ ಕ್ರಾನ್‌ನ ಕಡತಗಳೂ ಸಂರಚನೆಯೆಂದೇ ಗಣ್ಯವಾದ್ದರಿಂದ, ತಂತ್ರಾಂಶವು ಹೋದ ಮೇಲೂ ಅವು ಎಂದಿನಂತೆ ಎಚ್ಚರಗೊಳ್ಳುತ್ತವೆ. ತಾವು ನಡೆಸಬೇಕಾದ ತಂತ್ರಾಂಶವು ಇದೆಯೇ ಎಂದು ಅವು ಮೊದಲು ನೋಡಿ, ಇಲ್ಲವಾದರೆ ಸದ್ದಿಲ್ಲದೆ ನಿವೃತ್ತವಾಗಬೇಕೆಂಬ ವಿಧಿಯು ಹುಟ್ಟಿದ್ದು ಇದೇ ಕಾರಣದಿಂದ. ಇನ್ನೊಂದು ತೊಡಕು ಸೂಕ್ಷ್ಮವಾದುದು. ಪ್ಯಾಕೇಜು ಉಳಿದೇ ಇದ್ದು, ಅದರ ಹೊಸ ಆವೃತ್ತಿಯು ಹಳೆಯ ಕಡತವೊಂದನ್ನು ಕೈಬಿಟ್ಟರೆ ಡಿಪಿಕೆಜಿ ಅದನ್ನು ಅಳಿಸದೆ, ‘ಅಬ್ಸೊಲೀಟ್’ ಎಂದು ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೆ. ಕಡತಕೋಶವನ್ನೇ ಪೂರ್ತಿಯಾಗಿ ಓದುವ ತಂತ್ರಾಂಶಕ್ಕೆ ಈ ದಾಖಲೆ ಕಾಣದು. ಅದು ರದ್ದಾದ ಆಜ್ಞೆಯನ್ನೂ ಪಾಲಿಸುತ್ತದೆ. ಇಂಥ ಕಡತಗಳ ವಿಸರ್ಜನೆಗಾಗಿ ಪ್ಯಾಕೇಜು ರಚಿಸುವವರಿಗೆ ಒಂದು ಸಹಾಯಕ ಸಾಧನವು ಮುಂದೆ ಒದಗಿತು. ನಿರ್ವಾಹಕನು ಮುಟ್ಟದ ಕಡತವನ್ನು ಅದು ಅಳಿಸುತ್ತದೆ. ಮುಟ್ಟಿದ್ದನ್ನು ‘ಡಿಪಿಕೆಜಿ-ಬ್ಯಾಕ್’ ಎಂದು ಹೆಸರು ಬದಲಿಸಿ ಇಡುತ್ತದೆ. ಮೂಲ ತತ್ತ್ವವು ಇಲ್ಲಿಯೂ ಭಂಗಗೊಂಡಿಲ್ಲವೆಂಬುದು ಗಮನಾರ್ಹ.

‘ಆರ್‌ಸಿ’ ಗುರುತಿನ ಸಕಲ ಪ್ಯಾಕೇಜುಗಳನ್ನೂ ಒಂದೇ ಆಜ್ಞೆಯಿಂದ ಪರ್ಜ್ ಮಾಡುವುದು ಇಂದು ಸುಲಭ. ಇದು ಸರ್ವದಾ ನಿರಪಾಯವೆಂಬ ಮಾತನ್ನು ನಾವು ಒಪ್ಪಲಾರೆವು. ಪರ್ಜ್ ಎಂಬುದು ಕಡತಗಳನ್ನು ಅಳಿಸುವುದರಲ್ಲಿಯೇ ಮುಗಿಯದೆ, ಪ್ಯಾಕೇಜು ಬಿಟ್ಟುಹೋದ ಅಂತ್ಯವಿಧಿಯ ಆಜ್ಞಾವಳಿಯನ್ನೂ ನಡೆಸುತ್ತದೆ. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಮೊದಲಾದ ದತ್ತಾಂಶ ಭಂಡಾರಗಳ ಪ್ಯಾಕೇಜುಗಳು ಈ ಸಂದರ್ಭದಲ್ಲಿ ದತ್ತಾಂಶವನ್ನೂ ಅಳಿಸಬೇಕೆ ಎಂದು ಕೇಳುತ್ತವೆ. ಉದ್ದನೆಯ ಪಟ್ಟಿಗೆ ಹೂಂಗುಟ್ಟುತ್ತ ಬಂದವನು ಆ ಪ್ರಶ್ನೆಗೂ ಹೂಂ ಎಂದುಬಿಟ್ಟರೆ ವರ್ಷಗಳ ಲೆಕ್ಕಪತ್ರವೇ ಹೋದೀತು. ಹಳೆಯ ಕರ್ನೆಲ್ ಪ್ಯಾಕೇಜುಗಳಂಥವು ಸಾಮಾನ್ಯವಾಗಿ ನಿರುಪದ್ರವಿಗಳು. ಅವನ್ನು ಮೊದಲು ಬೇರ್ಪಡಿಸಿ ಕಳೆಯಬಹುದು. ಮಿಕ್ಕವುಗಳ ಹೆಸರನ್ನು ಒಂದೊಂದಾಗಿ ಓದಿ, ಇಟಿಸಿ ಕೋಶದ ಪ್ರತಿಯೊಂದನ್ನು ಬೇರೆಡೆ ತೆಗೆದಿರಿಸಿದ ಮೇಲೆಯೇ ಪರ್ಜ್‌ಗೆ ಕೈಹಾಕುವುದು ಯುಕ್ತ.