ನೀರು ಹರಿಯುವ ದಾರಿಯಲ್ಲಿ ಒಂದು ನಗರಸಭೆ

ಪುರಸಭೆಯ ಚರಿತ್ರೆ ಬರೆಯಿರಿ ಎಂದರೆ ಅಧ್ಯಕ್ಷರ ಭಾವಚಿತ್ರಗಳ ಸಾಲಿನಿಂದ ಶುರುಮಾಡುವುದು ರೂಢಿ. ಹೊಸಕೋಟೆಯ ಮಟ್ಟಿಗೆ ನಾನು ಅದಕ್ಕಿಂತ ಬಹಳ ಹಿಂದಕ್ಕೆ ಹೋಗುತ್ತೇನೆ. ಈ ಊರಿನ ಮೊದಲ ಪೌರ ಕಾಮಗಾರಿ ಯಾವ ಕೌನ್ಸಿಲ್‌ನ ನಿರ್ಣಯದಿಂದಲೂ ಆದದ್ದಲ್ಲ. ಸುಗಟೂರಿನ ಪಾಳೇಗಾರ ತಮ್ಮೇಗೌಡ 1595ರ ಸುಮಾರಿಗೆ ಇಲ್ಲಿ ಕೋಟೆ, ಪೇಟೆ ಎರಡನ್ನೂ ಕಟ್ಟಿಸಿದ. ಪಕ್ಕದಲ್ಲೇ ದಕ್ಷಿಣ ಪಿನಾಕಿನಿಯ ನೀರು ನಿಲ್ಲುವ ದೊಡ್ಡ ಅಮಾನಿಕೆರೆ. ಏರಿಯ ಉದ್ದ 2 ಮೈಲಿ, ತುಂಬಿದಾಗ ನೀರಿನ ಸುತ್ತಳತೆ 10 ಮೈಲಿಗೆ ಕಡಿಮೆಯಿಲ್ಲ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಅಷ್ಟು ನೀರಿನ ಪಕ್ಕದಲ್ಲಿ ಪೇಟೆ ಕಟ್ಟುವವನಿಗೆ ಮಳೆ ನೀರು ಯಾವ ಕಡೆಯಿಂದ ಇಳಿಯುತ್ತದೆ, ಕೋಡಿ ಬಿದ್ದರೆ ಯಾವ ಕಡೆಗೆ ಹೋಗುತ್ತದೆ ಎಂಬುದು ಮನೆ ಕಟ್ಟುವ ಮುಂಚೆಯೇ ಗೊತ್ತಿರಬೇಕು. ತೂಬು ಎತ್ತುವ ನೀರುಗಂಟಿ, ಕಾಲುವೆ ಹೂಳು ತೆಗೆಯುವ ಸರದಿ, ಏರಿಗೆ ಮಣ್ಣು ಹಾಕುವ ಬಿಟ್ಟಿ ಕೆಲಸ ಇವೆಲ್ಲ ಸೇರಿದ್ದೇ ಆ ಕಾಲದ ಪೌರಾಡಳಿತ.

ಆಮೇಲೆ ಬಿಜಾಪುರದವರು ಬಂದರು, ಶಹಾಜಿಯ ಜಹಗೀರಿಗೆ ಊರು ಸೇರಿತು, ಮೊಗಲರು ಬಂದರು, ಮರಾಠರು ಬಂದರು. 1761ರಲ್ಲಿ ನಿಜಾಮ ಮನೆತನದ ಬಸಾಲತ್ ಜಂಗನ ಜೊತೆ ಸೇರಿ ಹೈದರಾಲಿ ಇದನ್ನು ಹಿಡಿದ. 1768ರ ಆಗಸ್ಟ್‌ನಲ್ಲಿ ಇಲ್ಲೇ ಬೀಡುಬಿಟ್ಟಿದ್ದ ಮರಾಠ ಸರದಾರ ಮುರಾರಿರಾಯನ ಸೈನ್ಯದ ಮೇಲೆ ಅದೇ ಹೈದರಾಲಿ ರಾತ್ರಿ ದಾಳಿ ಮಾಡಿದ. ಇವು ಯಾವುವೂ ಮೋರಿಯ ವಿಷಯಕ್ಕೆ ಬರುವುದಿಲ್ಲವಾದ್ದರಿಂದ ಮುಂದೆ ಹೋಗೋಣ.

ಮೈಸೂರು ಸಂಸ್ಥಾನದ ಊರುಗಳಲ್ಲಿ ಚರಂಡಿಯು ಸರ್ಕಾರದ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದು 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಮೇಲೆ. ಇಕ್ಕಟ್ಟು ಓಣಿ, ನಿಂತ ಕೊಚ್ಚೆ, ಗಾಳಿಯಾಡದ ಮನೆ ಇವೆಲ್ಲ ಆಡಳಿತದ ಭಾಷೆಯೊಳಗೆ ಬಂದವು. 1906ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್, 1951ರ ಪಟ್ಟಣ ಪುರಸಭೆಗಳ ಕಾಯ್ದೆ, ಕೊನೆಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ, ಹೀಗೆ ಕಾನೂನು ಬದಲಾಗುತ್ತ ಬಂತು. ಪುರಸಭೆ ಮಾಡಲೇಬೇಕಾದ ಕೆಲಸಗಳ ಪಟ್ಟಿ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಬೀದಿ ಗುಡಿಸುವುದು, ದೀಪ ಹಚ್ಚುವುದು, ಚರಂಡಿ ಕಟ್ಟಿ ಶುಚಿಯಾಗಿಡುವುದು. 1964ರ ಕಾಯ್ದೆಯ 87ನೇ ಪ್ರಕರಣ ಇವನ್ನು ಕಡ್ಡಾಯ ಕರ್ತವ್ಯಗಳೆಂದೇ ಕರೆಯುತ್ತದೆ. ಉದ್ಯಾನವೋ ವಾಚನಾಲಯವೋ ಆಗದಿದ್ದರೆ ನಡೆದೀತು, ಮೋರಿ ಕಟ್ಟಿಕೊಂಡರೆ ನಡೆಯದು.

ಆ ಕೆಲಸವನ್ನು ಮಾಡಿದವರು ಯಾರು ಎಂಬುದನ್ನು ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಒಳಚರಂಡಿಯಿಲ್ಲದ ಕಾಲದಲ್ಲಿ ಪೇಟೆಯ ಮನೆಗಳ ಹಿಂದಿನ ಕಕ್ಕಸುಗಳನ್ನು ಕೈಯಲ್ಲಿ ಬಳಿದು ತಲೆಯ ಮೇಲೆ ಹೊತ್ತು ಸಾಗಿಸುವುದು ರಾಜ್ಯದ ಊರೂರಿನಲ್ಲೂ ಪುರಸಭೆಯ ಮಾಮೂಲು ವ್ಯವಸ್ಥೆಯಾಗಿತ್ತು, ಅದಕ್ಕೆಂದೇ ನೌಕರರಿದ್ದರು. ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲಿ ಇದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ರಾಜ್ಯದ ಪೌರಾಡಳಿತ ಕಂಡ ಅತಿ ದೊಡ್ಡ ಸುಧಾರಣೆ ಯಾವುದು ಎಂದು ಕೇಳಿದರೆ ನಾನು ಗಣಕೀಕರಣವನ್ನೂ ಹೇಳುವುದಿಲ್ಲ, ಕಾಂಕ್ರೀಟ್ ರಸ್ತೆಯನ್ನೂ ಹೇಳುವುದಿಲ್ಲ, ಇದನ್ನು ಹೇಳುತ್ತೇನೆ. ತಲೆಯ ಮೇಲಿನ ಹೊರೆ ಇಳಿಯಿತು. ಮ್ಯಾನ್‌ಹೋಲಿಗೆ ಇಳಿಸುವುದನ್ನು ಕಾನೂನು ತಡೆಯಬೇಕಾದರೆ 2013ರ ಕೇಂದ್ರ ಕಾಯ್ದೆಯವರೆಗೆ ಕಾಯಬೇಕಾಯಿತು. ಕಾಯ್ದೆ ಬಂದಮೇಲೂ ಇಳಿದವರಿದ್ದಾರೆ. ಈಗ ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆ, ಶಾಲು, ಹಾರ. ಅವಿಮುಕ್ತೇಶ್ವರಸ್ವಾಮಿಯ ತೇರಿನ ಮಾರನೆಯ ಬೆಳಗ್ಗೆ ಊರು ಏಳುವಷ್ಟರಲ್ಲಿ ತೇರುಬೀದಿ ಚೊಕ್ಕಟವಾಗಿರುತ್ತದಲ್ಲ, ಆ ಕೆಲಸಕ್ಕೆ ಇನ್ನೂ ಯಾವ ಹಾರವೂ ಸಾಲದು.

ದುಡ್ಡಿನ ಮಾತಿಗೆ ಬಂದರೆ, ಹಳೇ ಮದ್ರಾಸ್ ರಸ್ತೆಯ ಮೇಲಿನ ಊರಿಗೆ ಸುಂಕವೇ ಜೀವಾಳ. ಊರೊಳಗೆ ಮಾರಾಟಕ್ಕೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಹಾಕುವ ಅಧಿಕಾರ ಪುರಸಭೆಗಳಿಗಿತ್ತು. 1979ರಲ್ಲಿ ರಾಜ್ಯ ಸರ್ಕಾರ ಅದನ್ನು ರದ್ದುಮಾಡಿ ಪ್ರವೇಶ ತೆರಿಗೆ ತಂದಿತು. ಲಾರಿಯವರಿಗೆ ಸಲೀಸಾಯಿತು, ನಾಕಾಗಳಲ್ಲಿ ನಡೆಯುತ್ತಿದ್ದ ಕೈಬಿಸಿಯೂ ತಪ್ಪಿತು, ಸರಿ. ಆದರೆ ಅಂದಿನಿಂದ ಚಿಕ್ಕ ಊರುಗಳ ಪುರಸಭೆಗಳು ಬೆಂಗಳೂರಿನ ಅನುದಾನದ ದಾರಿ ಕಾಯುವಂತಾದವು. ಕೈಯಲ್ಲಿ ಉಳಿದದ್ದು ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಸಂತೆ ಹರಾಜು. 2002ರಿಂದ ಸ್ವಯಂಘೋಷಿತ ಆಸ್ತಿ ತೆರಿಗೆ ಬಂತು. ಅಲ್ಲಿಂದ ಮುಂದೆ ಪುರಸಭೆಗೆ ಹೊಸ ಆದಾಯ ಎಂದರೆ ಹೊಸ ಖಾತೆ, ಹೊಸ ಖಾತೆ ಎಂದರೆ ಹೊಸ ಸೈಟು. ಹೊಲ ಸೈಟಾಗುವುದನ್ನು ತಡೆಯಬೇಕಾದ ಸಂಸ್ಥೆಯ ಹೊಟ್ಟೆಪಾಡೇ ಹೊಲ ಸೈಟಾಗುವುದರ ಮೇಲೆ ನಿಂತಿತು. ಮುಂದಿನ ಕಥೆಯೆಲ್ಲ ಇಲ್ಲಿಂದಲೇ ಹುಟ್ಟಿದ್ದು.

ಕಾಗದದ ಮೇಲೆ ದಾರಿ ನೇರವಾಗಿದೆ. ಬೇಸಾಯದ ಜಮೀನಿಗೆ ಭೂ ಕಂದಾಯ ಅಧಿನಿಯಮದ 95ನೇ ಕಲಮಿನಲ್ಲಿ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರ ಬಡಾವಣೆಯ ವಿನ್ಯಾಸಕ್ಕೆ ಒಪ್ಪಿಗೆ ಕೊಡಬೇಕು. ಹೊಸಕೋಟೆಗೆ ಆ ಕೆಲಸ ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕೆಳಗಿರುವ ಹೊಸಕೋಟೆ ಯೋಜನಾ ಪ್ರಾಧಿಕಾರದ್ದು. ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ರಸ್ತೆ, ಚರಂಡಿ, ದೀಪ, ನೀರಿನ ಕೊಳವೆ ಮುಗಿದಂತೆಲ್ಲ ಸೈಟುಗಳನ್ನು ಕಂತುಕಂತಾಗಿ ಬಿಡುಗಡೆ ಮಾಡಬೇಕು. ಕಡೆಗೆ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು.

ನೆಲದ ಮೇಲೆ ನಡೆದದ್ದು ಬೇರೆ. ಎರಡು ಎಕರೆ ರಾಗಿ ಹೊಲ. ಅಣ್ಣತಮ್ಮಂದಿರ ಪಾಲಾಗಿದೆ, ಪೋಡಿಯಾಗಿಲ್ಲ. ಮಧ್ಯೆ ಮೂವತ್ತಡಿ ರಸ್ತೆ ಎಂದು ಸುಣ್ಣದ ಗೆರೆ ಎಳೆದು, ಎರಡೂ ಕಡೆ 30–40ರ ಸೈಟು, ಕೊಳ್ಳುವ ಶಕ್ತಿಯಿಲ್ಲದವರಿಗೆ 20–30. ಗುಂಟೆಗೆ 1,089 ಚದರಡಿ, ರಸ್ತೆಗೆ ಎಷ್ಟು ಬಿಟ್ಟರೆ ಎಷ್ಟು ಸೈಟು ಹೋಗುತ್ತದೆ ಎಂಬ ಲೆಕ್ಕ ಮಾಡುವವನಿಗೆ ಚರಂಡಿಗೆ ಎರಡಡಿ ಬಿಡುವುದೂ ನಷ್ಟವೇ. ಅಂಥ ಕಂದಾಯ ನಿವೇಶನಗಳು ಊರಿನ ಗಡಿಯಾಚೆ ಗ್ರಾಮ ಪಂಚಾಯಿತಿಯ ಲೆಕ್ಕದಲ್ಲಿ ಬೆಳೆದವು. ಪಂಚಾಯಿತಿ ಖಾತೆ ಸಿಕ್ಕಿತು, ಕರೆಂಟೂ ಬಂತು. 2013ರಲ್ಲಿ ಪಂಚಾಯಿತಿ ಸ್ವತ್ತುಗಳಿಗೆ ಇ-ಸ್ವತ್ತು ತಂತ್ರಾಂಶ ಬಂದು ನಮೂನೆ 9, 11ಬಿ ಎಂದು ಹಿಡಿತ ಬಿಗಿಯಾಗುವ ಹೊತ್ತಿಗೆ ಮನೆಗಳೆದ್ದು ನಿಂತಿದ್ದವು. ಮುಂದೆ ಊರಿನ ಗಡಿ ವಿಸ್ತರಿಸಿದಾಗ ಇವು ಪೌರಾಡಳಿತದ ಮಡಿಲಿಗೆ ಬಿದ್ದವು. ವಿನ್ಯಾಸ ನೋಡಿ ಒಪ್ಪಿದವರು ಒಬ್ಬರು, ಪರಿವರ್ತನೆ ಮಾಡಿದವರು ಇನ್ನೊಬ್ಬರು, ಕಣ್ಣುಮುಚ್ಚಿ ಖಾತೆ ಬರೆದವರು ಮತ್ತೊಬ್ಬರು, ಕೊಚ್ಚೆ ನೀರಿಗೆ ಉತ್ತರ ಹೇಳಬೇಕಾದವರು ಮಾತ್ರ ನಗರಸಭೆಯವರು.

ಒಂದು ಬಡಾವಣೆಯ ಚರಂಡಿ ಆ ಬಡಾವಣೆಯ ಕೊನೆಯ ಸೈಟಿನ ಹತ್ತಿರ ನಿಲ್ಲುತ್ತದೆ. ಪಕ್ಕದ ಸರ್ವೆ ನಂಬರಿನವನು ತನ್ನ ಬಡಾವಣೆಯನ್ನು ಒಂದಡಿ ಎತ್ತರಿಸಿ ಮಣ್ಣು ತುಂಬಿಸಿದ್ದರೆ ನೀರು ವಾಪಸು ತಿರುಗುತ್ತದೆ. ಗ್ರಾಮ ನಕ್ಷೆ ಬಿಚ್ಚಿ ನೋಡಿದರೆ ಅಲ್ಲೊಂದು ಹಳ್ಳ, ಅದಕ್ಕೆ ಕೂಡುವ ಕಾಲುವೆ ಇದ್ದೇ ಇರುತ್ತದೆ, ಬ ಖರಾಬು ಎಂದು ಪಹಣಿಯಲ್ಲಿ ಗುಂಟೆ ಸಮೇತ ನಮೂದಾಗಿರುತ್ತದೆ. ಖರಾಬಿನಲ್ಲಿ ಎರಡು ಬಗೆ. ಅ ಖರಾಬು ಎಂದರೆ ಬೇಸಾಯಕ್ಕೆ ಬಾರದ ಕಲ್ಲು ನೆಲ, ಬ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಮಳೆಯಿಲ್ಲದ ವರ್ಷಗಳಲ್ಲಿ ಆ ಕಾಲುವೆ ಒಣಗಿ ಬದುವಿನಂತೆ ಕಾಣುತ್ತದೆ. ಬದುವೆಂದು ಅಳತೆಗೆ ಸೇರಿಸಿಕೊಂಡರೆ ಒಂದು ಮೂಲೆ ಸೈಟು ಹೆಚ್ಚಾಯಿತು. ಮಳೆ ಬಂದ ವರ್ಷ ನೀರು ತನ್ನ ದಾರಿ ಹುಡುಕಿಕೊಂಡು ಆ ಮೂಲೆ ಸೈಟಿನವರ ಅಡುಗೆಮನೆಗೇ ಬರುತ್ತದೆ. ಸಾಲ ಮಾಡಿ ಸೈಟು ಕೊಂಡವರ ತಪ್ಪು ಇದರಲ್ಲಿ ಕಡಿಮೆ. ಅವರು ನೋಡಿದ್ದು ಕ್ರಯಪತ್ರ, ಚೆಕ್ಕುಬಂದಿ. ಗ್ರಾಮ ನಕ್ಷೆ ನೋಡಬೇಕೆಂದು ಅವರಿಗೆ ಹೇಳಬೇಕಾದವರು ಹೇಳಲಿಲ್ಲ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ 12ನೇ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರಾಡಳಿತಕ್ಕೆ ಒಪ್ಪಿಸಬಹುದೆಂದು ಬರೆಯಲಾಯಿತು. ಪಟ್ಟಿಯ ಮೊದಲ ವಿಷಯ ನಗರ ಯೋಜನೆ, ಎರಡನೆಯದು ಭೂ ಬಳಕೆಯ ನಿಯಂತ್ರಣ. ಮೂವತ್ತು ವರ್ಷ ಕಳೆದರೂ ಆ ಎರಡು ಸಾಲುಗಳು ಹೊಸಕೋಟೆಯಂಥ ಊರುಗಳಿಗೆ ಬಂದಿಲ್ಲ. ಕಟ್ಟಡ ಪರವಾನಗಿ ಕೌನ್ಸಿಲ್ ಕೈಯಲ್ಲಿದೆ, ನಕ್ಷೆ ಇಲ್ಲ. ಸಾಮಾನ್ಯ ಸಭೆಯ ವಿಷಯಸೂಚಿ ನೋಡಿದರೆ ಇದರ ಫಲ ತಿಳಿಯುತ್ತದೆ. ಹಿಂದಿನ ಸಭೆಯ ನಡವಳಿಯ ದೃಢೀಕರಣ, ಜಮಾಖರ್ಚು, ವಾರ್ಡಿನ ಚರಂಡಿಗೆ ಅಂದಾಜುಪಟ್ಟಿ, ಬೀದಿ ದೀಪದ ಟೆಂಡರು, ಕೊಳವೆಬಾವಿಯ ಮೋಟಾರು ದುರಸ್ತಿ, ಕೊನೆಯಲ್ಲಿ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳು. ವಾದ ಏರುವುದು ಚರಂಡಿಯ ಅಂದಾಜುಪಟ್ಟಿಗೆ ಬಂದಾಗ. ನಮ್ಮ ವಾರ್ಡಿಗೆ ನೂರು ಮೀಟರ್, ಅವರ ವಾರ್ಡಿಗೆ ಇನ್ನೂರೇ? ಚರಂಡಿಯನ್ನು ವಾರ್ಡಿನ ಪ್ರಕಾರ ಹಂಚಬಹುದು, ಇಳಿಜಾರನ್ನು ಹಂಚಲು ಬರುವುದಿಲ್ಲ. ಹೀಗೆ ತುಂಡು ತುಂಡಾಗಿ ಕಟ್ಟಿದ ಮೋರಿಗಳು ಒಂದಕ್ಕೊಂದು ಮಟ್ಟ ಕೂಡದೆ, ಸೊಳ್ಳೆಯ ತೊಟ್ಟಿಗಳಾಗಿ ನಿಂತಿರುವುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ.

ಬೆಂಗಳೂರಿಗೆ ಇಷ್ಟು ಹತ್ತಿರವಿದ್ದೂ ಹೊಸಕೋಟೆ ಬಹುಕಾಲ ಕೃಷಿಯೂರೇ ಆಗಿತ್ತು. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದಾಗ ಇಟ್ಟ ಹೆಸರು ಆಗ ಸುಳ್ಳಾಗಿರಲಿಲ್ಲ. ಕೈಗಾರಿಕಾ ಪ್ರದೇಶ ಬೆಳೆದು, 1998ರಲ್ಲಿ ವೋಲ್ವೊ ಕಾರ್ಖಾನೆ ಶುರುವಾಗಿ, ಹೆದ್ದಾರಿ ಅಗಲವಾದಮೇಲೆ ಬಾಡಿಗೆ ಮನೆಗಳ ಊರಾಯಿತು. 2001ರ ಜನಗಣತಿಯಲ್ಲಿ 36 ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ 2011ಕ್ಕೆ 56,980. ಈಗ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ದಮ್ ಬಿರಿಯಾನಿಗಾಗಿ ಬೆಂಗಳೂರಿನ ಕಾರುಗಳು ಸಾಲುನಿಲ್ಲುತ್ತವೆ. ಎಲೆ, ಪ್ಲಾಸ್ಟಿಕ್ ಡಬ್ಬಿ ಎತ್ತುವ ಗಾಡಿ ನಮ್ಮದು.

2009ರಲ್ಲಿ ಕೇಂದ್ರ ಸರ್ಕಾರ ಏಳು ಮಹಾನಗರಗಳ ಸುತ್ತಲಿನ ಉಪನಗರಗಳಿಗೆಂದು ಒಂದು ಯೋಜನೆ ತಂದಾಗ ಬೆಂಗಳೂರಿನ ಪಾಲಿಗೆ ಆಯ್ಕೆಯಾದ ಊರು ಹೊಸಕೋಟೆ. ಚೆನ್ನೈಗೆ ಶ್ರೀಪೆರಂಬದೂರು, ಅಹಮದಾಬಾದಿಗೆ ಸಾಣಂದ್ ಇದ್ದ ಹಾಗೆ. ನೀರು ಸರಬರಾಜು, ಒಳಚರಂಡಿ, ಕಸ ವಿಲೇವಾರಿ ಅದರ ಉದ್ದೇಶ. ಯುಜಿಡಿ, ಅಂದರೆ ಒಳಚರಂಡಿ, ಬಂದರೆ ಊರಿನ ಸಮಸ್ಯೆ ಮುಗಿಯಿತು ಎಂಬ ಭಾವನೆ ಬಹಳ ಜನರಲ್ಲಿದೆ. ಒಳಚರಂಡಿ ಶೌಚದ ನೀರಿಗೆ, ಮಳೆ ನೀರಿಗೆ ಬೇರೆಯದೇ ಕಾಲುವೆ ಬೇಕು. ರಾಜಕಾಲುವೆ ಮುಚ್ಚಿಹೋದ ಕಡೆ ಮನೆಯವರು ತಾರಸಿಯ ನೀರನ್ನು ಮ್ಯಾನ್‌ಹೋಲಿಗೆ ಬಿಡುತ್ತಾರೆ, ಯುಜಿಡಿ ತಲುಪದ ಕಡೆ ಶೌಚದ ನೀರನ್ನು ಮಳೆ ಮೋರಿಗೆ ಬಿಡುತ್ತಾರೆ. ಎರಡೂ ಬೆರೆತು ಇಳಿಜಾರಿನ ಕಡೆ, ಎಂದರೆ ಕೆರೆ–ಹೊಳೆಯ ಕಡೆ ಹೋಗುತ್ತವೆ. ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಪೂರ್ವ ಭಾಗದ ಕೆರೆಗಳ ಕೊಳಕೂ ಕೂಡುತ್ತದೆ. ಮುಗಳೂರಿನ ಹತ್ತಿರ ಅದನ್ನು ನೋಡಿದವರಿಗೂ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ನೊರೆಯನ್ನು ನೋಡಿದವರಿಗೂ ಇದು ಗೊತ್ತಿದೆ.

ಕುಡಿಯುವ ನೀರಿನದು ಇನ್ನೊಂದು ವಿಚಿತ್ರ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದಾಗ ನೀರು ಹೋದದ್ದು ಮಹಾನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಪಶ್ಚಿಮಕ್ಕೆ ಕಾವೇರಿ, ಪೂರ್ವಕ್ಕೆ ಕೆ.ಸಿ. ವ್ಯಾಲಿ, ನಡುವಿನ ಹೊಸಕೋಟೆಗೆ ಮುಖ್ಯವಾಗಿ ಕೊಳವೆಬಾವಿ.

50 ಸಾವಿರ ದಾಟಿದ ಊರಿಗೆ ಕಾನೂನಿನಲ್ಲಿ ನಗರಸಭೆಯ ದರ್ಜೆ. ಮುಖ್ಯಾಧಿಕಾರಿಯ ಕುರ್ಚಿಗೆ ಪೌರಾಯುಕ್ತರು ಬಂದರು, ವಾರ್ಡು 31 ಆಯಿತು. 2020ರ ಫೆಬ್ರುವರಿ 9ರಂದು ಆ 31 ವಾರ್ಡುಗಳಿಗೆ ಚುನಾವಣೆ ನಡೆದು ಬಿಜೆಪಿ 22ರಲ್ಲಿ ಗೆದ್ದಿತು. 2019ರ ಡಿಸೆಂಬರ್‌ನ ವಿಧಾನಸಭಾ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಶರತ್ ಬಚ್ಚೇಗೌಡರನ್ನು ಗೆಲ್ಲಿಸಿದ ಊರು ಎರಡೇ ತಿಂಗಳಲ್ಲಿ ಹೀಗೆ ಮಾಡಿತು. ಆಗ ಬಿಜೆಪಿಯಿಂದ ನಿಂತು ಸೋತ ಎಂ.ಟಿ.ಬಿ. ನಾಗರಾಜ್ 2021ರಲ್ಲಿ ಪೌರಾಡಳಿತ ಸಚಿವರೇ ಆದರು. ಇಷ್ಟಾದರೂ ಕೌನ್ಸಿಲ್ ಪೂರ್ತಿ ಅವಧಿ ತಾನೇ ಆಳಲಿಲ್ಲ. ರಾಜ್ಯದ ಸ್ಥಳೀಯ ಸಂಸ್ಥೆಗಳಿಗೆ ಎರಡನೇ ಅವಧಿಯ ಅಧ್ಯಕ್ಷ–ಉಪಾಧ್ಯಕ್ಷ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಮೊದಲ ಅವಧಿ ಮುಗಿದಮೇಲೆ ಅಲ್ಲಿಯವರೆಗೆ ಆಡಳಿತಾಧಿಕಾರಿಗಳ ಕಾಲ. ವಾರ್ಡಿನ ಸದಸ್ಯರಿಗೆ ಜನರ ಬೈಗುಳ ಇತ್ತು, ಸಭೆ ಇರಲಿಲ್ಲ.

ಕಂದಾಯ ನಿವೇಶನಗಳನ್ನು ಸಕ್ರಮ ಮಾಡುವ ಮಾತು 2007ರಿಂದಲೂ ನಡೆದಿದೆ. 2014ರಲ್ಲಿ ಅಕ್ರಮ–ಸಕ್ರಮದ ನಿಯಮ ಬಂತು, 2016ರ ಕೊನೆಗೆ ಹೈಕೋರ್ಟ್ ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿದು, ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಸ್ವತ್ತುಗಳಿಗೆ ಮೂರು ತಿಂಗಳೊಳಗೆ ಬಿ-ಖಾತೆ ಕೊಡಬೇಕೆಂದಿತು. ನಾನು ಇದನ್ನು ವಿರೋಧಿಸುವುದಿಲ್ಲ. ಹತ್ತಿಪ್ಪತ್ತು ವರ್ಷದಿಂದ ಮನೆ ಕಟ್ಟಿಕೊಂಡು ಇರುವವರಿಂದ ಕಂದಾಯ ತೆಗೆದುಕೊಳ್ಳದೆ ಊರು ನಡೆಸುವುದು ಹೇಗೆ? ಆದರೆ ಕಂದಾಯ ಕಟ್ಟಿದವರು ನಾಳೆ ರಸೀದಿ ಹಿಡಿದು ನಗರಸಭೆಯ ಕೌಂಟರಿಗೆ ಬಂದು ಚರಂಡಿ ಎಲ್ಲಿ ಎಂದು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಆಗ ನಗರಸಭೆ ಮೊದಲು ಮಾಡಬೇಕಾದ ಕೆಲಸ ಟೆಂಡರಲ್ಲ, ಸರ್ವೆ. ಕಸಬಾ ಹೋಬಳಿಯ ಗ್ರಾಮ ನಕ್ಷೆಗಳನ್ನು ಭೂಮಾಪನ ಇಲಾಖೆಯಿಂದ ತರಿಸಿ, ಬ ಖರಾಬಿನ ಗೆರೆಗಳನ್ನು 31 ವಾರ್ಡುಗಳ ನಕ್ಷೆಯ ಮೇಲೆ ಮೂಡಿಸಿ, ಯಾವ ಬಡಾವಣೆಯ ನೀರು ಯಾವ ಕಾಲುವೆಗೆ ಸೇರಬೇಕೆಂದು ಗುರುತಿಸಿ, ಅದನ್ನು ಕಚೇರಿಯ ಗೋಡೆಗೆ ತೂಗುಹಾಕಬೇಕು. ಅಧ್ಯಕ್ಷರ ಭಾವಚಿತ್ರಗಳ ಪಕ್ಕದಲ್ಲೇ ಜಾಗವಿದೆ.