ಏಳು ಡಾಲರಿನ ತಟ್ಟೆ

ವಾಚಕರೇ, ಗ್ರಾಮಫೋನ್ ತಟ್ಟೆಯ ಬೆಲೆಯನ್ನು ಯಾವುದರಿಂದ ಕಟ್ಟಬೇಕು? ಅಗಲದಿಂದಲೇ, ಅರಗಿನಿಂದಲೇ? 1908ರಲ್ಲಿ ಅಮೆರಿಕದ ವಿಕ್ಟರ್ ಕಂಪನಿಯು ದೊನಿಜೆಟ್ಟಿಯ ‘ಲೂಚಿಯಾ’ ಗೀತನಾಟಕದಲ್ಲಿ ಆರು ಮಂದಿ ಕೂಡಿ ಹಾಡುವ ಭಾಗವನ್ನು ಮುದ್ರಿಸಿತು. 12 ಅಂಗುಲದ ತಟ್ಟೆ, ಸುಮಾರು ನಾಲ್ಕು ನಿಮಿಷದ ಹಾಡು, ಹಿಂಬದಿ ಬರಿದು. ಬೆಲೆಯೋ, 7 ಡಾಲರು! ಅದೇ ಕಂಪನಿಯ ಸಾಧಾರಣ ಹಾಡಿನ 10 ಅಂಗುಲದ ತಟ್ಟೆ ಒಂದು ಡಾಲರಿಗೂ ಕಡಮೆ. ಎರಡರಲ್ಲಿಯೂ ಇದ್ದುದು ಅರಗೇ (ಪಾಂಡವರ ಮನೆಗೆ ಬಳಸಿದ ಅದೇ ಅರಗು, ಹಡಗೇರಿ ಹೋಗುತ್ತಿದ್ದುದೂ ನಮ್ಮ ದೇಶದಿಂದಲೇ). ಹೆಚ್ಚಿನ ಹಣವೆಲ್ಲ ಕರೂಸೋ, ಸೆಂಬ್ರಿಕ್ ಮೊದಲಾದವರ ಕಂಠಕ್ಕೆ. ಕರೂಸೋ ಒಬ್ಬನೇ ಹಾಡಿದರೆ ಅಷ್ಟೇ ಅಗಲದ ತಟ್ಟೆಗೆ 3 ಡಾಲರು. ಕಂಠಕ್ಕೆ ಬೆಲೆ ಸಲ್ಲಲಿ; ಕೊಂಡವನಿಗೆ ಬರಿಯ ಬೆನ್ನನ್ನು ಕೊಟ್ಟುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಗ್ಗದ ಹಾಡುಗಳಿಗೆ 1908ರಲ್ಲಿಯೇ ಒದಗಿದ ಎರಡನೆಯ ಮಗ್ಗುಲು ವಿಕ್ಟರಿನ ಈ ಕೆಂಪು ಚೀಟಿಯ ತಟ್ಟೆಗಳಿಗೆ ದೊರೆತುದು 1923ರಲ್ಲಿ.